ಏಳನೇ ಕುರ್ಚಿಯ ಮುಖ

ಅವರ ಮುಖ ನನಗೆ ಸರಿಯಾಗಿ ನೆನಪಿಲ್ಲ. ಒಬ್ಬರ ಬಗ್ಗೆ ಬರೆಯಲು ಕೂತವಳು ಹೀಗೆ ಶುರು ಮಾಡಬಾರದು, ಗೊತ್ತು. ಮೀಸೆ ಇತ್ತು. ಕನ್ನಡಕವೂ ಇತ್ತೆಂದು ಮೊದಲು ಬರೆದು ಹೊಡೆದುಹಾಕಿದೆ. ಕನ್ನಡಕ ಇದ್ದದ್ದು ನಮ್ಮ ಮ್ಯಾನೇಜರಮ್ಮನಿಗೆ. ಖಂಡಿತವಾಗಿ ನೆನಪಿರುವುದು ಅವರ ಬಲಗೈ ಹೆಬ್ಬೆರಳು. ಅದರ ಉಗುರು ಅರ್ಧ ಕಪ್ಪಗಿತ್ತು. ಮಂಡ್ಯದ ಒಂದು ಸಣ್ಣ ಪ್ರೆಸ್ಸಿನಲ್ಲಿ ವರ್ಷಗಟ್ಟಲೆ ಅಚ್ಚಿನ ಮೊಳೆ ಜೋಡಿಸಿದ ಗುರುತು. "ಇದು ಶಾಯಿ ಅಲ್ಲ ಕಣವ್ವ, ಸೀಸ. ಒಳೀಕೆ ಓಗ್ಬುಟ್ಟದೆ. ಇನ್ನು ನನ್ ಜೊತೇಲೇ ಬತ್ತದೆ" ಎನ್ನುತ್ತಿದ್ದರು.

ಮೂರು ವಾರದ ಹಿಂದೆ ಅವರ ಮಗಳು ಮಂಡ್ಯದಿಂದ ಫೋನ್ ಮಾಡಿದಳು. ಅವರು ತೀರಿಕೊಂಡು ಆಗಲೇ ಹನ್ನೆರಡು ದಿನವಾಗಿತ್ತು. ಸೀಸವೂ ಜೊತೆಯಲ್ಲೇ ಹೋಗಿರಬೇಕು ಎಂದು ಮೊದಲು ಹೊಳೆಯಿತು. ಅವಳು ಹೇಳಿದ್ದರಲ್ಲಿ ಒಂದು ಮಾತು ನನ್ನನ್ನು ಗೊಂದಲಕ್ಕೆ ಕೆಡವಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಆ ಮಾತಿಗೆ ಬರುವ ಮೊದಲು ನನಗೆ ಗೊತ್ತಿರುವುದನ್ನು, ಗೊತ್ತಿದೆ ಎಂದು ನಾನು ಅಂದುಕೊಂಡಿರುವುದನ್ನು, ಒಂದು ಕಡೆ ಇಡಬೇಕು.

ನಾವಿಬ್ಬರೂ ಕೆಲಸ ಮಾಡುತ್ತಿದ್ದ ಆಫೀಸು ಅಮೆರಿಕದ ಮೌಂಟನ್ ವ್ಯೂನಲ್ಲಿ, ರೈಲುಹಳಿಯ ಪಕ್ಕ ಇತ್ತು. ಹಿಂದೆ ಅದು ಕಾರ್ಪೆಟ್ ಗೋದಾಮು. ರೈಲು ಹೋದಾಗಲೆಲ್ಲ ಮಾನಿಟರುಗಳು ಸಣ್ಣಗೆ ನಡುಗುತ್ತಿದ್ದವು. ಆ ದಿನಗಳಲ್ಲಿ ಏನನ್ನು ಇಂಟರ್ನೆಟ್ಟಿಗೆ ಹಾಕುತ್ತೇವೆಂದರೂ ದುಡ್ಡು ಕೊಡುವವರು ಸಿಗುತ್ತಿದ್ದರು. ಒಬ್ಬರು ನಾಯಿ ಬಿಸ್ಕತ್ತು ಹಾಕುತ್ತಿದ್ದರು, ಇನ್ನೊಬ್ಬರು ಸತ್ತವರಿಗೆ ಹೂವು. ನಮ್ಮ ಕಂಪನಿ ಸರ್ಕಾರಗಳನ್ನು ಹಾಕುತ್ತಿತ್ತು. ಸರ್ಕಾರಗಳು ಎಂದು ನಮ್ಮ ಟೀ ಶರ್ಟಿನ ಮೇಲೆ ಬಹುವಚನದಲ್ಲಿ ಅಚ್ಚಾಗಿತ್ತು. ನಮ್ಮ ಬಳಿ ಇದ್ದದ್ದು ಒಂದೇ.

ಅದೊಂದು ದೂರದ ದೇಶ. ಅಲ್ಲಿ ರಾಜರಿದ್ದರು, ಈಗಲೂ ಇದ್ದಾರೆ, ಆದ್ದರಿಂದ ದೇಶದ ಹೆಸರು ಬರೆಯುವುದಿಲ್ಲ. ರಾಜರ ಕೆಳಗೆ ಹದಿನಾಲ್ಕು ಮಂತ್ರಿಗಳು. ಅವರನ್ನು ರಾಜರೇ ನೇಮಿಸುತ್ತಿದ್ದರು, ಮನಸ್ಸಿಗೆ ಬಂದಾಗ ರಾಜರೇ ಬದಲಾಯಿಸುತ್ತಿದ್ದರು. ಬದಲಾವಣೆಯಾದಾಗ ಅರಮನೆಯ ಕಚೇರಿಯಿಂದ ನಮಗೊಂದು ಫ್ಯಾಕ್ಸು ಬರುತ್ತಿತ್ತು, ಹಿಂದೆಯೇ ಕೊರಿಯರಿನಲ್ಲಿ ಹೊಸ ಮಂತ್ರಿಗಳ ಫೋಟೋ. ಸರ್ಕಾರದ ವೆಬ್ ಪುಟದಲ್ಲಿ ಹೆಸರುಗಳನ್ನೂ ಮುಖಗಳನ್ನೂ ಬದಲಿಸುವುದು ಅವರ ಮತ್ತು ನನ್ನ ಕೆಲಸ. ನಮ್ಮ ಬೆಳಿಗ್ಗೆ ಎಂಟೂವರೆ ಎಂದರೆ ಅಲ್ಲಿ ಸಂಜೆ ಮುಗಿದಿರುತ್ತಿತ್ತು. ಇದು ಮುಂದೆ ಬೇಕಾಗುತ್ತದೆ.

ನಾನು ಮೈಸೂರಿನವಳು, ಇಂಜಿನಿಯರಿಂಗ್ ಓದಿದವಳು, ಆಗ ಇಪ್ಪತ್ತಾರು ವರ್ಷ. ಅವರಿಗೆ ನಲವತ್ತು ದಾಟಿತ್ತು. ಪ್ರೆಸ್ಸು ಬಿಟ್ಟಮೇಲೆ ಕಂಪ್ಯೂಟರು ಕಲಿತು, ಯಾವುದೋ ಕನ್ಸಲ್ಟಿಂಗ್ ಕಂಪನಿಯ ಕೈಹಿಡಿದು ಬಂದವರು. ಹೆಂಡತಿ, ಹತ್ತು ವರ್ಷದ ಮಗಳು ಜೊತೆಗಿದ್ದರು. ಇಸ್ತ್ರಿ ಮಾಡಿದ ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸಿ, ಸೈಕಲ್ಲಿನಲ್ಲಿ ಬರುತ್ತಿದ್ದರು. ಉಳಿದವರೆಲ್ಲ ಚಡ್ಡಿ ಹಾಕಿಕೊಂಡು ಬರುತ್ತಿದ್ದ ಆಫೀಸಿನಲ್ಲಿ ಹೊಸಬರು ಅವರನ್ನೇ ಮಾಲೀಕರೆಂದು ತಿಳಿದು ಕೈಕುಲುಕುತ್ತಿದ್ದರು. ಅವರೂ ಕುಲುಕಿ ಕಳಿಸುತ್ತಿದ್ದರು.

ಮೊದಲ ಪುಟ ಮಾಡಿದಾಗ ಮ್ಯಾನೇಜರಮ್ಮ ಹದಿನಾಲ್ಕು ಮಂತ್ರಿಗಳನ್ನು ಅಕ್ಷರ ಕ್ರಮದಲ್ಲಿ ಜೋಡಿಸಿದ್ದರು. ಅರಮನೆಯಿಂದ ಸಿಟ್ಟಿನ ಫ್ಯಾಕ್ಸು ಬಂತು. ಏನು ತಪ್ಪೆಂದು ಅದರಲ್ಲಿ ಇರಲಿಲ್ಲ, ಸಿಟ್ಟು ಮಾತ್ರ ಇತ್ತು. ಮ್ಯಾನೇಜರಮ್ಮ ಅದನ್ನು ಹಿಡಿದುಕೊಂಡು ನಮ್ಮ ಮೇಜುಗಳ ಮಧ್ಯೆ ನಿಂತರು. ಪಕ್ಕದ ಮೇಜಿನಿಂದ ಇವರು ಪುಟವನ್ನು ಒಮ್ಮೆ ನೋಡಿ ನನ್ನ ಕಡೆ ಬಾಗಿದರು.

"ಇದು ಲಗ್ನಪತ್ರಿಕೆ ಕಣವ್ವ."

"ಯಾವುದು ಸಾರ್?"

"ಈ ಪಟ್ಟಿ. ನಮ್ ಕಡೆ ಲಗ್ನಪತ್ರಿಕೆ ಮಾಡ್ಸಕ್ಕೆ ಬಂದ್ರೆ ಗಂಡು ಎಣ್ಣಿನ ಎಸ್ರು ಐದು ನಿಮ್ಸದ ಕೆಲ್ಸ. ಕೆಳ್ಗಡೆ 'ಸುಖಾಗಮನ ಬಯಸುವವರು' ಅಂತ ಇರ್ತದಲ್ಲ, ಅದ್ಕೇ ಒಂದಿನ ಬೇಕು. ಸೋದರಮಾವನ್ನ ಚಿಕ್ಕಪ್ಪನ ಕೆಳೀಕೆ ಆಕ್ಬುಟ್ರೆ ಮದ್ವೆ ದಿನ ಅವ್ನು ಪಂಕ್ತೀಲಿ ಕುಂತ್ಕಳಾಕಿಲ್ಲ. ಇಲ್ಲಿ ಅದ್ನಾಲ್ಕು ಸೋದರಮಾವಂದ್ರು ಅವ್ರೆ."

ಮ್ಯಾನೇಜರಮ್ಮ ಇದನ್ನು ನನ್ನಿಂದ ಇಂಗ್ಲಿಷಿನಲ್ಲಿ ಕೇಳಿಸಿಕೊಂಡು, ಹಾಗಾದರೆ ಕ್ರಮದ ಲಾಜಿಕ್ ಏನು ಎಂದು ಕೇಳಿದರು.

"ನೋ ಲಾಜಿಕ್ ಮೇಡಂ. ರೆಸ್ಪೆಕ್ಟ್" ಎಂದರು ಅವರು.

ಆಮೇಲೆ ತಾವೇ ಅರಮನೆಯ ಕಚೇರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರು: ಪ್ರಮಾಣವಚನದ ದಿನ ರಾಜರ ಹಿಂದೆ ಯಾರು ಮೊದಲು ನಡೆಯುತ್ತಾರೆ, ಅವರ ಹಿಂದೆ ಯಾರು? ಆ ಕಡೆಯವರು ಸಂತೋಷದಿಂದ ಹದಿನಾಲ್ಕೂ ಜನರನ್ನು ನಡೆಸಿಕೊಟ್ಟರು. ಫೋನಿನಲ್ಲಿ ಮಾತಾಡುವಷ್ಟು ಹೊತ್ತು ಅವರು ಎದ್ದು ನಿಂತಿದ್ದರು. ಯಾಕೆ ಎಂದು ಕೇಳಿದ್ದಕ್ಕೆ, "ಆ ಕಡೆ ಅರಮನೆ ಅದಲ್ಲವ್ವ" ಎಂದರು.

ಫೋಟೋಗಳಿಗೆ ಹೆಸರಿಡುವ ಪದ್ಧತಿಯೂ ಅವರದೇ. ನಾನಾಗಿದ್ದರೆ ಮಂತ್ರಿಯ ಹೆಸರಿನಲ್ಲಿ ಇಡುತ್ತಿದ್ದೆ. ಅವರು ಬರೀ ಅಂಕಿ ಇಟ್ಟರು, ಒಂದರಿಂದ ಹದಿನಾಲ್ಕು. ಏಳು ಎಂದರೆ ಏಳನೆಯವನಾಗಿ ನಡೆಯುವವನು, ಅವನು ಯಾರೇ ಆಗಿರಲಿ. ಅವರ ಪ್ರೆಸ್ಸಿನಲ್ಲಿ ಹಾಗೇ ಇತ್ತಂತೆ. ಊರಿನ ದೊಡ್ಡವರ ಮುಖದ ಬ್ಲಾಕುಗಳನ್ನು, ಅಂದರೆ ಫೋಟೋದ ಅಚ್ಚುಗಳನ್ನು, ಗೋಡೆಯ ಗೂಡುಗಳಲ್ಲಿ ಇಡುತ್ತಿದ್ದರು. ಸೊಸೈಟಿ ಅಧ್ಯಕ್ಷರಿಗೊಂದು ಗೂಡು, ಪುರಸಭೆಯವರಿಗೊಂದು. ಕರಪತ್ರ ಅಚ್ಚು ಮಾಡುವಾಗ ಕತ್ತಲಲ್ಲಿ ಕೈಹಾಕಿದರೂ ಸರಿಯಾದ ಮುಖ ಬರಬೇಕು. "ಮುಖ ಬದ್ಲಾಯ್ತವೆ, ಗೂಡು ಬದ್ಲಾಗಾಕಿಲ್ಲ. ನಂಬರು ಕುರ್ಚಿಗೆ, ಮನ್ಸಂಗಲ್ಲ" ಎಂದರು.

ಇದರಲ್ಲಿ ಒಂದು ಅಪಾಯ ಇತ್ತು. ಅವರಿಗೆ ಅದು ಗೊತ್ತಿತ್ತು. ಲೋಕವೆಲ್ಲ ನೋಡುವ ಪುಟದ ಜೊತೆಗೆ ನಾವಿಬ್ಬರೇ ನೋಡುವ ಒಂದು ತಾಲೀಮು ಪುಟ ಇತ್ತು. ಹೊಸ ಸಂಪುಟವನ್ನು ಮೊದಲು ಅಲ್ಲಿ ಜೋಡಿಸಿ, ಅರಮನೆ ಹೂಂ ಎಂದಮೇಲೆ ಹೊರಗೆ ಬಿಡಬೇಕು. ಹೆಸರುಗಳು ಎರಡು ಪುಟದಲ್ಲೂ ಬೇರೆ ಬೇರೆ. ಫೋಟೋಗಳು ಮಾತ್ರ ಎರಡಕ್ಕೂ ಒಂದೇ ಗೂಡಿನಿಂದ, ಅಂದರೆ ಒಂದೇ ಫೋಲ್ಡರಿನಿಂದ, ಬರುತ್ತಿದ್ದವು. ಏಳನೇ ಗೂಡಿಗೆ ಹೊಸ ಮುಖ ಹಾಕಿದರೆ ಆ ಕ್ಷಣವೇ ಹೊರಗಿನ ಪುಟದಲ್ಲೂ ಹೊಸ ಮುಖ. ಅದಕ್ಕೇ ಅವರ ನಿಯಮ: "ಎಸ್ರು ಮೊದ್ಲು, ಮುಖ ಕೊನೇಗೆ." ಹಳದಿ ಚೀಟಿಯಲ್ಲಿ ಬರೆದು ಇಬ್ಬರ ಮಾನಿಟರಿಗೂ ಅಂಟಿಸಿದ್ದರು. ನನ್ನ ಚೀಟಿ ಒಂದು ತಿಂಗಳಲ್ಲಿ ಉದುರಿಹೋಯಿತು.

ತೆಗೆದ ಮಂತ್ರಿಗಳ ಫೋಟೋಗಳನ್ನು ಅವರು ಅಳಿಸುತ್ತಿರಲಿಲ್ಲ. "ಹಳಬರು" ಎಂಬ ಫೋಲ್ಡರಿಗೆ ಸಾಗಿಸುವಾಗ ಪ್ರತಿಯೊಬ್ಬರಿಗೂ ಬಾಯಿಬಿಟ್ಟು "ಓಗ್ಬನ್ನಿ ಸಾಮಿ" ಎನ್ನುತ್ತಿದ್ದರು. ಮಗಳು ಶಾಲೆ ಇಲ್ಲದ ದಿನ ಆಫೀಸಿಗೆ ಬಂದರೆ ಮೇಜಿನ ಕೆಳಗೆ ಕೂತು ಇದನ್ನು ಕೇಳಿ ನಗುತ್ತಿದ್ದಳು. ಅವಳನ್ನು ಅವರು ಕನ್ನಡದಲ್ಲಿ ಏನು ಕೇಳಿದರೂ ಉತ್ತರ ಇಂಗ್ಲಿಷಿನಲ್ಲಿ. "ನೋಡವ್ವ, ನಾನು ಬಿತ್ತೋದು ರಾಗಿ, ಬೆಳೆಯೋದು ಗೋಧಿ" ಎಂದು ನನಗೆ ದೂರು ಹೇಳುತ್ತಿದ್ದರು.

ರಾಗಿ ಎಂದಾಗ ಇನ್ನೊಂದು. ಮಧ್ಯಾಹ್ನ ಆಫೀಸಿನ ಹಿಂದಿನ ಮೆಟ್ಟಿಲ ಮೇಲೆ ಕೂತು ಊಟ ಮಾಡುತ್ತಿದ್ದೆವು. ಅವರ ಡಬ್ಬಿಯಲ್ಲಿ ಮುದ್ದೆ, ಸಾರು. ಒಳಗೆ ತಿಂದರೆ, ಅಗಿಯದೆ ನುಂಗುವುದನ್ನು ನೋಡಿ ಯಾರಾದರೂ ಗಂಟಲಿಗೆ ಸಿಕ್ಕಿಕೊಂಡಿತೆಂದು ಬೆನ್ನಿಗೆ ಗುದ್ದುತ್ತಾರೆ ಎಂದು ಅವರ ಭಯ. ಒಮ್ಮೆ ನಿಜವಾಗಿಯೂ ಹಾಗಾಯಿತಂತೆ. ನಾನು ನೋಡಿಲ್ಲ.

ಪ್ರೆಸ್ಸು ಬಿಟ್ಟ ಕಥೆಯನ್ನು ಆ ಮೆಟ್ಟಿಲ ಮೇಲೆಯೇ ಹೇಳಿದ್ದು. ಒಂದು ಸೋಮವಾರ ಕೆಲಸಕ್ಕೆ ಹೋದರೆ ಅವರ ಸ್ಟೂಲಿನ ಮೇಲೆ ಬೇರೆಯವನು ಕೂತು ಮೊಳೆ ಜೋಡಿಸುತ್ತಿದ್ದನಂತೆ. ಮಾಲೀಕರು ಪೇಪರು ಓದುತ್ತಿದ್ದರು, ತಲೆ ಎತ್ತಲಿಲ್ಲ. ಇವರು ಸ್ವಲ್ಪ ಹೊತ್ತು ನಿಂತಿದ್ದು, ಡಬ್ಬಿ ಎತ್ತಿಕೊಂಡು ಮನೆಗೆ ಬಂದರು. ಎರಡನೇ ಸಲ ಇದೇ ಕಥೆ ಹೇಳಿದಾಗ ಸ್ಟೂಲಿನ ಮೇಲಿದ್ದವನು ಇವರೇ ಕೆಲಸ ಕಲಿಸಿದ್ದ ಹುಡುಗ. ಮೂರನೇ ಸಲ ಸ್ಟೂಲು ಖಾಲಿ ಇತ್ತು, ಅದಕ್ಕೆ ಹೊಸ ಬಣ್ಣ ಬಳಿದಿದ್ದರು. ಯಾವುದು ನಿಜವೆಂದು ನಾನು ಕೇಳಲಿಲ್ಲ. ಮೂರರಲ್ಲೂ ಕೊನೆಯ ಮಾತು ಮಾತ್ರ ಒಂದೇ ಆಗಿತ್ತು:

"ಕಿತ್ತಾಕುದ್ರು ಅನ್ನೋದು ಬೇರೆ, ಬುಟ್ಬುಟ್ಟೆ ಅನ್ನೋದು ಬೇರೆ ಕಣವ್ವ. ನಾನೇ ಬುಟ್ಟೆ ಅನ್ನಕ್ಕೆ ಒಂದಿನನಾದ್ರೂ ಟೈಮ್ ಕೊಡ್ಬೇಕಲ್ವಾ? ಎಂಡ್ತಿಗೆ ಏನಂತ ಏಳೋದು?"

ನಾವು ಜೊತೆಗಿದ್ದಾಗ ನಡೆದ ಮೂರನೇ ಸಂಪುಟ ಪುನಾರಚನೆಯಲ್ಲಿ ಎಲ್ಲ ಕೆಟ್ಟಿತು. ಆ ಹೊತ್ತಿಗೆ ಊರಿನಲ್ಲಿ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ನಾಯಿ ಬಿಸ್ಕತ್ತಿನವರು ಹೋಗಿದ್ದರು. ನಮ್ಮ ಫ್ರಿಜ್ಜಿನಲ್ಲಿ ಪುಕ್ಕಟೆ ಸೋಡಾ ತುಂಬುವುದು ನಿಂತಿತ್ತು.

ಮಂಗಳವಾರ ಬೆಳಿಗ್ಗೆ ಫ್ಯಾಕ್ಸು ಬಂತು: ಮೂವರು ಮಂತ್ರಿಗಳು ಹೊರಕ್ಕೆ, ಮೂವರು ಒಳಕ್ಕೆ, ಘೋಷಣೆ ಗುರುವಾರ, ಅಲ್ಲಿಯವರೆಗೆ ಗುಟ್ಟು. ಹೊರಗೆ ಹೋಗುವವರಲ್ಲಿ ಏಳನೆಯವರು, ನೀರಾವರಿ ಮಂತ್ರಿ, ಇದ್ದರು. ಅವರು ಹಿಂದಿನ ಎರಡು ಪುನಾರಚನೆಯಲ್ಲೂ ಉಳಿದುಕೊಂಡವರು. ಇಡೀ ಪುಟದಲ್ಲಿ ಹಲ್ಲು ತೋರಿಸಿ ನಗುತ್ತಿದ್ದವರು ಅವರೊಬ್ಬರೇ. "ನಾಲೆ ನೀರಿನ ಮಂತ್ರಿ ಕಣವ್ವ. ನಮ್ ಮಂಡ್ಯದಲ್ಲಾಗಿದ್ರೆ ಇವ್ನೇ ರಾಜ" ಎಂದು ನಮ್ಮವರಿಗೆ ಅವರ ಮೇಲೆ ವಿಶೇಷ ಪ್ರೀತಿ. ಫ್ಯಾಕ್ಸು ಓದಿ ಮಡಿಸಿಟ್ಟರು.

ಹೊಸ ಫೋಟೋಗಳ ಲಕೋಟೆಯೂ ಅದೇ ದಿನ ಬಂತು. ಸ್ಕ್ಯಾನರು ನಮ್ಮಿಬ್ಬರ ಮೇಜುಗಳ ಮಧ್ಯೆ ಇತ್ತು, ಅದಕ್ಕೊಂದು ಕಂಪ್ಯೂಟರು. ಇಬ್ಬರೂ ಬಳಸುತ್ತಿದ್ದೆವು. ಮಧ್ಯಾಹ್ನ ಹನ್ನೆರಡು ನಲವತ್ತಕ್ಕೆ ನಮ್ಮಿಬ್ಬರಲ್ಲಿ ಒಬ್ಬರು ಹೊಸ ನೀರಾವರಿ ಮಂತ್ರಿಯ ಫೋಟೋವನ್ನು ಅಳತೆಗೆ ಕತ್ತರಿಸಿ, ಏಳು ಎಂದು ಹೆಸರಿಟ್ಟು, ನೇರವಾಗಿ ಗೂಡಿಗೇ ಹಾಕಿದರು. ಮುಖ ಮೊದಲು ಹೋಯಿತು, ಹೆಸರು ಹಿಂದೆ ಉಳಿಯಿತು. ಸಮಯ ದಾಖಲೆಯಲ್ಲಿದೆ. ಯಾರೆಂಬುದು ಇಲ್ಲ, ಏಕೆಂದರೆ ಆ ಕಂಪ್ಯೂಟರಿಗೆ ಇಬ್ಬರೂ ಆಫೀಸಿನ ಒಂದೇ ಹೆಸರಿನಲ್ಲಿ ಲಾಗಿನ್ ಆಗುತ್ತಿದ್ದೆವು.

ನನಗೆ ನೆನಪಿದೆ. ಮೌಸಿನ ಮೇಲೆ ಒಂದು ಕೈ, ಕೈಯಲ್ಲಿ ತೆಳ್ಳಗಿನ ಚಿನ್ನದ ಬಳೆ, ಅದು ಮೇಜಿಗೆ ತಾಗಿದ ಟಿಕ್ ಎಂಬ ಸದ್ದು. ನನ್ನದೇ ಕೈ. ಆದರೆ ಆ ಬಳೆಯನ್ನು ನಾನು ಕೊಂಡದ್ದು ಎರಡು ವರ್ಷದ ನಂತರ, ನನ್ನ ಮದುವೆಗೆ. ಬಳೆ ತೆಗೆದು ನೋಡಿದರೆ ಆ ಕೈ ಯಾರದಾದರೂ ಆಗಬಹುದು. ಹೆಬ್ಬೆರಳಿನ ಉಗುರು ಕಾಣುವುದಿಲ್ಲ.

ಬುಧವಾರ ಬೆಳಿಗ್ಗೆ ಎಂಟೂವರೆಗೆ ನಾನು ಬಂದಾಗ ಫ್ಯಾಕ್ಸ್ ಯಂತ್ರದ ಕೆಳಗೆ ನೆಲದ ಮೇಲೆ ಹಾಳೆಗಳು ಬಿದ್ದಿದ್ದವು. ನಾವು ಮನೆಗೆ ಹೋಗಿ, ಮಲಗಿ, ಎದ್ದು ಬರುವಷ್ಟರಲ್ಲಿ ಅಲ್ಲಿ ಒಂದು ಇಡೀ ಹಗಲು ಕಳೆದಿತ್ತು. ಆ ಹಗಲೆಲ್ಲ ನೀರಾವರಿ ಮಂತ್ರಿಯ ಹೆಸರಿನ ಮೇಲೆ ಇನ್ನೊಬ್ಬನ ಮುಖ ಇತ್ತು. ಆ ದೇಶದಲ್ಲಿ ಅದನ್ನು ನೋಡಬೇಕಾದವರೆಲ್ಲ ನೋಡಿದ್ದರು. ಮಂತ್ರಿಯೂ ನೋಡಿದ್ದರು. ಅರಮನೆಯನ್ನು ಕೇಳಿದರೆ, ಏನೂ ಇಲ್ಲ, ಅಮೆರಿಕದವರ ತಪ್ಪು ಎಂದು ಹೇಳಿ ನಮ್ಮ ನಂಬರು ಕೊಟ್ಟಿದ್ದರಂತೆ.

ನಮ್ಮವರು ಫೋನ್ ಹಿಡಿದು ನಿಂತಿದ್ದರು. ಸೈಕಲ್ಲಿಗೆಂದು ಪ್ಯಾಂಟಿನ ಕಾಲಿಗೆ ಹಾಕುತ್ತಿದ್ದ ಕ್ಲಿಪ್ಪನ್ನು ಇನ್ನೂ ತೆಗೆದಿರಲಿಲ್ಲ.

"ಯೆಸ್ ಸರ್. ನೋ ಸರ್. ನೇಮ್ ಈಸ್ ಸೇಮ್ ಸರ್. ಓನ್ಲಿ ಫೋಟೋ."

ಆ ಕಡೆಯ ಮಾತು ನನಗೆ ಕೇಳುತ್ತಿರಲಿಲ್ಲ. ಫೋನ್ ಮಾಡಿದವರು ಮಂತ್ರಿಯೇ ಎಂದು ಅವರು ಮೌತ್‌ಪೀಸಿಗೆ ಕೈ ಅಡ್ಡಹಿಡಿದು ನನಗೆ ಪಿಸುಗುಟ್ಟಿದರು. 'ಆ ಫೋಟೋದಲ್ಲಿರುವವನು ನಾನಲ್ಲ' ಎಂದು ಮಂತ್ರಿ ಮೂರು ಸಲ ಹೇಳಿದರಂತೆ, ಆಮೇಲೆ ತಿಳಿಸಿದರು. ನಂತರ, 'ನಾನಿನ್ನೂ ಮಂತ್ರಿಯೇ?' ಎಂದು ಕೇಳಿದರಂತೆ.

ಒಂದು ರೈಲು ಹೋಯಿತು. ಆಮೇಲೆ ಇವರು ತಮ್ಮ ಇಂಗ್ಲಿಷಿನಲ್ಲಿ, ಒಂದೊಂದೇ ಪದ ಹುಡುಕಿ, ಮೊಳೆ ಜೋಡಿಸುವವರ ಹಾಗೆ, ಹೇಳಿದ್ದು ಇಷ್ಟು: ನಾನು ಚಿಕ್ಕ ಮನುಷ್ಯ ಸರ್, ನನಗೇನೂ ಗೊತ್ತಿಲ್ಲ. ನಮ್ಮೂರಿನಲ್ಲಿ ಒಬ್ಬನ ಸ್ಟೂಲಿನ ಮೇಲೆ ಇನ್ನೊಬ್ಬ ಕೂತದ್ದು ಕಂಡರೆ, ಮೊದಲಿನವನು ಆವತ್ತೇ ಬಿಡುತ್ತೇನೆಂದು ಕಾಗದ ಬರೆದುಕೊಡಬೇಕು. ಮಾರನೇ ದಿನ ಕೊಟ್ಟರೆ ಅದಕ್ಕೆ ಬೆಲೆ ಇಲ್ಲ.

ಫೋನ್ ಇಟ್ಟು ಕೂತರು.

"ಸಾರ್, ಏನ್ ಮಾಡಿದ್ರಿ ನೀವು! ಗುರುವಾರದವರೆಗೂ ಯಾರಿಗೂ ಹೇಳಬೇಡಿ ಅಂತ ಫ್ಯಾಕ್ಸಲ್ಲೇ ಇದೆಯಲ್ಲ."

"ನಾನೆಲ್ಲಿ ಏಳ್ದೆ? ನಮ್ಮೂರ ಸ್ಟೂಲಿನ ಕತೆ ಏಳ್ದೆ."

"ಅವರಿಗೆ ಅರ್ಥ ಆಗಲ್ವಾ?"

"ಆಗ್ಲಿ ಅಂತ್ಲೇ ಏಳಿದ್ದು. ಮಂತ್ರಿ ಕಣವ್ವ ಅವ್ರು, ದಡ್ಡ ಅಲ್ಲ."

ಹಳೆಯ ಫೋಟೋವನ್ನು ಏಳನೇ ಗೂಡಿಗೆ ವಾಪಸು ಹಾಕಿದರು. ನಗುವ ಹಲ್ಲುಗಳು ಮತ್ತೆ ಬಂದವು. "ಇನ್ನೊಂದಿನ ನಗ್ಲಿ ಬುಡು" ಎಂದು ಬಗ್ಗಿ ಪ್ಯಾಂಟಿನ ಕ್ಲಿಪ್ಪು ತೆಗೆದರು.

ಗುರುವಾರ ರಾಜರ ಆಜ್ಞೆ ಹೊರಬಿದ್ದಾಗ ಅದರಲ್ಲಿ ಇಬ್ಬರನ್ನು ವಜಾ ಮಾಡಲಾಗಿತ್ತು. ಮೂರನೆಯವರ ರಾಜೀನಾಮೆಯನ್ನು ಅಂಗೀಕರಿಸಲಾಗಿತ್ತು. ಅಲ್ಲಿ ಇವೆರಡರ ನಡುವೆ ಎಷ್ಟು ಅಂತರವೋ ನನಗೆ ಗೊತ್ತಿಲ್ಲ. ಅರಮನೆಗೆ ಬಂದ ಸಿಟ್ಟನ್ನು ನೋಡಿದರೆ ಬಹಳವೇ ಇರಬೇಕು. ರಾಜರು ತೆಗೆಯುವ ಮೊದಲು ಒಬ್ಬ ತಾನಾಗಿ ಎದ್ದುಹೋಗಿದ್ದ. ಫೋನಿನ ವಿಷಯ ಅರಮನೆಯವರಿಗೆ ತಿಳಿಯಲಿಲ್ಲ. ಫೋಟೋ ನೋಡಿ ಮಂತ್ರಿ ಎಚ್ಚೆತ್ತನೆಂದು ಅವರು ತಿಳಿದರು. ಶುಕ್ರವಾರದ ಫ್ಯಾಕ್ಸಿನಲ್ಲಿ ಇದ್ದದ್ದು ಒಂದೇ ಸಾಲು: ಫೋಟೋ ಬದಲಿಸಿದವರ ಹೆಸರು ತಿಳಿಸಿ, ಅವರು ನಿಮ್ಮಲ್ಲಿ ಇನ್ನು ಕೆಲಸದಲ್ಲಿಲ್ಲ ಎಂದೂ ತಿಳಿಸಿ.

ನಮ್ಮ ಕಂಪನಿಗೆ ಇದ್ದದ್ದು ಅದೊಂದೇ ಸರ್ಕಾರ. ಮ್ಯಾನೇಜರಮ್ಮ ನಮ್ಮಿಬ್ಬರನ್ನೂ ಮೂರು ಗಂಟೆಗೆ ಬರಹೇಳಿದರು. ಅವರ ಕಣ್ಣು ಕೆಂಪಾಗಿತ್ತು. ಯಾರೆಂದು ನೀವೇ ಹೇಳಿ, ನನ್ನ ಕೈಯಲ್ಲಿ ಆರಿಸಬೇಡಿ ಎಂದರು. ಕೆಲಸ ಹೋದರೆ ವೀಸಾ ಹೋಗುತ್ತದೆ. ಆ ವರ್ಷ ಇನ್ನೊಂದು ಕೆಲಸ ಸಿಗುವ ಮಾತಿರಲಿಲ್ಲ. ಒಬ್ಬರು ಗಂಟುಮೂಟೆ ಕಟ್ಟಬೇಕಿತ್ತು.

ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತೆವು. ಅವರು ಡಬ್ಬಿ ತೆರೆಯಲಿಲ್ಲ.

"ಸಾರ್, ನಿಜ ಹೇಳಿ. ಆ ಫೋಟೋ ಹಾಕಿದ್ದು ನೀವಾ, ನಾನಾ?"

"ನಿಂಗೇನು ಗ್ಯಾಪ್ಕ?"

"ನಾನೇ ಅನ್ಸುತ್ತೆ. ಒಂದೊಂದು ಸಲ ನೀವು ಅನ್ಸುತ್ತೆ."

"ನಂಗೂ ಅಂಗೇಯ" ಎಂದು ಅವರು ನಕ್ಕರು. ಡಬ್ಬಿಯನ್ನು ಪಕ್ಕಕ್ಕಿಟ್ಟು ಕೇಳಿದರು: "ನಿನ್ ಗ್ರೀನ್ ಕಾರ್ಡ್ ಅರ್ಜಿ ಎಲ್ಲಿಗಂಟ ಬಂತು?"

"ಇನ್ನೊಂದು ಆರು ತಿಂಗಳು ಇದೇ ಕೆಲಸದಲ್ಲಿದ್ರೆ ಆಗಬಹುದು ಅಂತಾರೆ."

"ಊಂ."

"ನಿಮ್ಮ ಮಗಳ ಸ್ಕೂಲು ಸಾರ್?"

"ಅವ್ಳಿಗೇನು, ಎಲ್ಲಾದ್ರೂ ಇಂಗ್ಲಿಷಲ್ಲೇ ಬೈತಾಳೆ."

ಮೂರು ಗಂಟೆಗೆ ಇನ್ನೂ ಕಾಲು ಗಂಟೆ ಇರುವಾಗ ಅವರು ಎದ್ದು ಅಂಗಿ ಸರಿಮಾಡಿಕೊಂಡು ಒಳಗೆ ಹೋದರು. ಮುಂದಿನದು ಇಷ್ಟು ವರ್ಷ ನನ್ನ ಬಳಿ ಹೀಗೆ ಇದೆ: ನಾನು ಸೋಡಾ ಫ್ರಿಜ್ಜಿನ ಹತ್ತಿರ, ಅದರ ಬಾಗಿಲ ಮೇಲೆ ಕೈಯಿಟ್ಟು ನಿಂತಿದ್ದೇನೆ. ಫ್ರಿಜ್ಜು ಖಾಲಿ ಎಂದು ಗೊತ್ತು. ಗಾಜಿನ ಗೋಡೆಯಾಚೆ ಅವರ ಬೆನ್ನು ಕಾಣುತ್ತಿದೆ. ಒಳಗೆ ಹೋಗಿ 'ಬಹುಶಃ ನಾನೇ' ಎಂದು ಹೇಳಬೇಕು, ಆ 'ಬಹುಶಃ' ಇರುವುದರಿಂದ ಹೇಳಲಾಗುವುದಿಲ್ಲ ಎಂದು ನನಗೆ ನಾನೇ ವಾದ ಮಾಡುತ್ತಿದ್ದೇನೆ. ಫೋನಿನಲ್ಲಿ ಗುಟ್ಟು ಬಿಟ್ಟವರು ಅವರೇ ತಾನೆ ಎಂದೂ ಅಂದುಕೊಳ್ಳುತ್ತಿದ್ದೇನೆ. ಹತ್ತು ನಿಮಿಷದಲ್ಲಿ ಅವರು ಹೊರಗೆ ಬಂದರು.

"ಮುಗೀತು ಬುಡವ್ವ. ನಾನೇ ಬುಟ್ಟೆ ಅಂತ ಬರ್ದುಕೊಟ್ಟೆ. ಅವ್ರಾಗಿ ಕಿತ್ತಾಕಿಲ್ಲ."

ಅವರ ದನಿಯಲ್ಲಿ ಹೆಮ್ಮೆ ಇತ್ತು. ಇದು ನನ್ನ ಕಲ್ಪನೆಯಲ್ಲ ಎಂದುಕೊಂಡಿದ್ದೇನೆ.

ಹತ್ತು ದಿನದಲ್ಲಿ ಅಪಾರ್ಟ್‌ಮೆಂಟು ಖಾಲಿ ಮಾಡಿದರು. ಮುದ್ದೆ ತಿರುವುವ ಕೋಲನ್ನು ನನಗೆ ಕೊಟ್ಟರು. "ವಿಮಾನದಲ್ಲಿ ಇದ್ನ ಆಯುಧ ಅಂದ್ಬುಟ್ರೆ ಕಷ್ಟ" ಎಂದರು. ಐದು ತಿಂಗಳಿಗೆ ನಮ್ಮ ಕಂಪನಿಯೂ ಮುಚ್ಚಿತು, ನನ್ನ ಅರ್ಜಿಯೂ ಅದರೊಂದಿಗೆ ಹೋಯಿತು. ಗಂಡನ, ಅಲ್ಲ, ಆಗ ಇನ್ನೂ ಗಂಡನಾಗಿರದವನ ಕಂಪನಿಯಲ್ಲಿ ಕೆಲಸ ಸಿಕ್ಕಿದ್ದರಿಂದ ಉಳಿದೆ; ಅರ್ಜಿ ಮೊದಲಿಂದ ಶುರುವಾಯಿತು. ಅವರು ಬಿಟ್ಟುಕೊಟ್ಟದ್ದು ನನಗಾಗಿಯೇ ಆಗಿದ್ದರೆ, ಅದು ಯಾರಿಗೂ ದಕ್ಕಲಿಲ್ಲ. ಅವರಿಗೆ ಒಂದು ಪತ್ರವನ್ನೂ ನಾನು ಬರೆಯಲಿಲ್ಲ. ಬರೆದರೆ ಫೋಟೋ ಹಾಕಿದ್ದು ನಾನೆಂದೋ, ನೀವೆಂದೋ ಬರೆಯಬೇಕಿತ್ತು. ಎರಡನ್ನೂ ಬರೆಯದ ಪತ್ರ ಹೇಗಿರುತ್ತದೆಂದು ಗೊತ್ತಾಗಲಿಲ್ಲ.

ಈಗ ಫೋನು. "ಆಂಟಿ, ಅಪ್ಪ ಹೋಗ್ಬುಟ್ರು" ಎಂದಳು. ಮೇಜಿನ ಕೆಳಗೆ ಕೂತು ಇಂಗ್ಲಿಷಿನಲ್ಲೇ ಬೈಯುತ್ತಿದ್ದ ಹುಡುಗಿಯ ದನಿ ಇದೆಂದು ತಿಳಿಯಲು ನನಗೆ ಹೊತ್ತು ಹಿಡಿಯಿತು. ಅವಳ ಕನ್ನಡ ಈಗ ಹೆಚ್ಚುಕಡಿಮೆ ಅವರದೇ. ನನ್ನ ಬಾಯಿಂದ ಬಂದದ್ದು "ಐ ಆಮ್ ಸೋ ಸಾರಿ."

"ನಿನ್ನೆ ಹನ್ನೊಂದನೇ ದಿನದ ಕಾರ್ಯ ಆಯ್ತು. ಎಲ್ಲಾರೂ ಕೂತ್ಕಂಡಿದ್ದಾಗ ನಿಮ್ ಕತೆ ಹೇಳ್ದೆ."

"ನನ್ನ ಕಥೆನಾ?"

"ಅದೇ ಆಂಟಿ. ಫೋಟೋ ಅದಲು ಬದಲಾಗಿ ಅಪ್ಪನ ಕೆಲ್ಸ ಹೋಗೋ ಹೊತ್ತಲ್ಲಿ ನೀವು ಆ ಮ್ಯಾನೇಜರ್ ರೂಮಿಗೆ ನುಗ್ಗಿ, ಹಾಕಿದ್ದು ನಾನು, ಅವರಿಗೆ ಮಗಳಿದಾಳೆ, ಅವರನ್ನ ಬಿಡಿ ಅಂದ್ರಂತಲ್ಲ. ಅಪ್ಪ ಆಗ್ಲೇ ಕಾಗದ ಕೊಟ್ಬುಟ್ಟಿದ್ರಂತೆ, ಆಯಮ್ಮ ವಾಪಸ್ ಕೊಡ್ಲಿಲ್ವಂತೆ. ಮನೆಗೆ ಯಾರ್ ಬಂದ್ರೂ ಹೇಳೋರು. ನಂಗೆ ಬಾಯಿಪಾಠ ಆಗದೆ."

ನಾನು ನೆನಪಿನಲ್ಲಿ ಹುಡುಕಿದೆ. ಆ ಮಧ್ಯಾಹ್ನದ ಆ ಕೋಣೆಯ ಒಳಗೆ ನನ್ನನ್ನು ನಿಲ್ಲಿಸಿ ನೋಡಿದೆ. ಮ್ಯಾನೇಜರಮ್ಮನ ಕುರ್ಚಿಯ ಹಿಂದೆ ಕುಂಡದಲ್ಲಿ ಒಂದು ಗಿಡ, ಅದರ ಒಂದು ಎಲೆ ಒಣಗಿತ್ತು. ಕುರ್ಚಿಯ ಮರೆಯಲ್ಲಿರುವುದರಿಂದ ಅದು ಗಾಜಿನ ಹೊರಗಿನಿಂದ ಕಾಣುವುದಿಲ್ಲ. ಒಳಗೆ ಹೋದವರಿಗೆ ಮಾತ್ರ ಕಾಣುತ್ತದೆ. ಆದರೆ ಬೇರೆ ದಿನಗಳಲ್ಲಿ ನಾನು ಎಷ್ಟೋ ಸಲ ಒಳಗೆ ಹೋಗಿದ್ದೆ. ನನ್ನ ಬಾಯಿ ತೆರೆದದ್ದು ಎಲ್ಲಿಯೂ ಇಲ್ಲ. ಫ್ರಿಜ್ಜಿನ ತಣ್ಣಗಿನ ಬಾಗಿಲು ಮಾತ್ರ ಅಂಗೈಗೆ ಈಗಲೂ ತಾಗುತ್ತದೆ. ಅವರಿಗೆ ಮರೆವು ಬಂದಿತ್ತೇ? ಅಥವಾ, ಸ್ಟೂಲಿನ ಕಥೆಯ ಹಾಗೆ, ಹೇಳುತ್ತ ಹೇಳುತ್ತ ಹೀಗಾಯಿತೇ? ಅಥವಾ ನಾನು ನಿಜವಾಗಿ ಒಳಗೆ ಹೋಗಿದ್ದೆನೇ? ಮಂಡ್ಯದ ಒಂದು ಮನೆಯಲ್ಲಿ ಇಷ್ಟು ವರ್ಷ ನನ್ನ ಹೆಸರಿನ ಮೇಲೆ ಧೈರ್ಯವಂತೆಯೊಬ್ಬಳ ಮುಖ ಇತ್ತು. ಅದನ್ನು ಹಾಗೇ ಬಿಟ್ಟುಬಿಡಬಹುದಿತ್ತು. ಹಾಕಿದವರೇ ಹೋಗಿದ್ದರು.

"ಅದು ನಾನಲ್ಲ ಕಣಮ್ಮ" ಎಂದೆ. "ನಾನು ಒಳಗೆ ಹೋಗಲೇ ಇಲ್ಲ. ಹೊರಗೇ ನಿಂತಿದ್ದೆ."

ಆ ಕಡೆ ಅವಳು ಮೂಗು ಒರೆಸಿಕೊಂಡ ಸದ್ದು ಕೇಳಿತು, ಅದರ ಹಿಂದೆಯೇ ಸಣ್ಣ ನಗು.

"ಹಿಂಗೇ ಅಂತಾರೆ ನೋಡ್ತಾ ಇರು ಅಂತ ಅಪ್ಪ ಮೊದ್ಲೇ ಹೇಳಿದ್ರು, ಆಂಟಿ."